ಸಾಹೇಬರನ್ನು ಹೆದರಿಸಲು ಹೋಗಿ

ಎಲ್ಲಕ್ಕೂ ಮೂಲ ಒಂದು ದವಡೆ ಹಲ್ಲು. ಅದೂ ಬ್ರೇಕಪ್ಪನದಲ್ಲ, ಕಚೇರಿಯ ಜೀಪು ಡ್ರೈವರನದು. ಬೆಳಗಾಗುವಷ್ಟರಲ್ಲಿ ಆತನ ಕೆನ್ನೆ ಊದಿ, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಎರಡೂ ಕಣ್ಣು ಬಿಟ್ಟುಕೊಂಡು ಇಳಿದರೂ ಜೀವ ಬಾಯಿಗೆ ಬರುವ ಬೆಟ್ಟದ ರಸ್ತೆ ಅದು. ಒಂದೇ ಕಣ್ಣಿನಲ್ಲಿ ದೊಡ್ಡ ಸಾಹೇಬರನ್ನು ಕೂರಿಸಿಕೊಂಡು ಇಳಿಯುವುದು ಹೇಗೆ?

ಬೇಸಿಗೆಯಲ್ಲೂ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆ ಕಟ್ಟುವ ಬೆಟ್ಟದ ನೆತ್ತಿಯಲ್ಲಿ ರಸ್ತೆ ಇಲಾಖೆಯ ಪುಟ್ಟ ಕಚೇರಿ. ಅಲ್ಲಿ ಜೀಪು ಓಡಿಸಲು ಬರುತ್ತಿದ್ದ ಇನ್ನೊಬ್ಬನೆಂದರೆ ಗುಮಾಸ್ತ ಬ್ರೇಕಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಏರು ಹತ್ತುವಾಗಲೂ ಬ್ರೇಕಿನ ಮೇಲಿಂದ ಕಾಲು ತೆಗೆಯುವುದಿಲ್ಲವೆಂದು ಕ್ಯಾಷಿಯರು ಇಟ್ಟ ಈ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ, ಮೊನ್ನೆ ಹೆಂಡತಿಯೂ ಮರೆತು ಹಾಗೇ ಕರೆದಿದ್ದಳು.

ಹೆಂಡತಿ ಮತ್ತು ಮಗಳು ಕೆಳಗೆ ಬಯಲಿನ ಊರಿನಲ್ಲಿದ್ದರು. ಪ್ರತಿ ಶನಿವಾರ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಇಳಿಯುವುದು, ಸೋಮವಾರ ಹಾಗೇ ಹತ್ತುವುದು. ಹಿಮ ಬಿದ್ದು ರಸ್ತೆ ಮುಚ್ಚಿದರೆ ಅದೂ ಇಲ್ಲ. ಈಗಷ್ಟೇ ಮಾತು ಕಲಿಯುತ್ತಿದ್ದ ಮಗಳು ಕಳೆದ ಸಲ ಅವನನ್ನು ಬಾಗಿಲಲ್ಲಿ ಕಂಡು, "ಮಾಮ ಬಂದ!" ಎಂದು ಚಪ್ಪಾಳೆ ತಟ್ಟಿದ್ದಳು. ಬ್ರೇಕಪ್ಪನಿಗೆ ಅಳುವೇ ಬಂದುಬಿಟ್ಟಿತ್ತು.

"ಕೆಳಗಿನ ಆಫೀಸಿಗೆ ವರ್ಗ ಮಾಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಮಾಮ ಅಂತಾನೇ ಕರೀಲಿ ಬಿಡಿ" ಎಂದಿದ್ದಳು ಹೆಂಡತಿ.

ಅವನೇನು ಸುಮ್ಮನಿರಲಿಲ್ಲ. ರಸ್ತೆ ಬಹಳ ಅಪಾಯಕಾರಿ, ಸಂಸಾರವನ್ನು ಮೇಲೆ ತರಲಾಗದು, ದಯವಿಟ್ಟು ವರ್ಗ ಮಾಡಿ ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿದ್ದ. ದೊಡ್ಡ ಸಾಹೇಬರದು ಪ್ರತಿ ಸಲವೂ ಒಂದೇ ಉತ್ತರ: 'ನಮ್ಮ ಇಲಾಖೆಯ ರಸ್ತೆ ಅಪಾಯಕಾರಿಯಾಗಿರಲು ಸಾಧ್ಯವಿಲ್ಲ.'

ಆ ಸಾಹೇಬರೇ ಈಗ ತಪಾಸಣೆಗೆ ಬಂದು ಕೂತಿದ್ದರು. ಬಂದದ್ದು ಬೆಟ್ಟದ ಆಚೆ ಕಡೆಯ ಸಪಾಟು ರಸ್ತೆಯಲ್ಲಿ, ಕರೆತಂದ ಕಾರು ಆಗಲೇ ವಾಪಸು ಹೋಗಿತ್ತು. ಇಳಿಯಬೇಕಾದದ್ದು ಈ ಕಡೆ, ಸಂಜೆ ಕೆಳಗಿನ ಊರಿನಲ್ಲಿ ಅವರಿಗೆ ಮೀಟಿಂಗ್. ಮನುಷ್ಯ ಸಿಡುಕು. ನಿನ್ನೆಯಿಂದ ಅವರು ಬೈಯದೆ ಉಳಿದದ್ದೆಂದರೆ ಕಚೇರಿಯ ಗೋಡೆ ಗಡಿಯಾರ ಮಾತ್ರ, ಅದೂ ನಿಂತುಹೋಗಿ ಸದ್ದು ಮಾಡದಿದ್ದರಿಂದ.

"ನನ್ನ ಕೈಲಾಗಲ್ಲಪ್ಪ" ಎಂದ ಬ್ರೇಕಪ್ಪ.

ಕ್ಯಾಷಿಯರು ಅವನನ್ನು ಬೀರುವಿನ ಸಂದಿಗೆ ಎಳೆದುಕೊಂಡು ಹೋದರು. ಪರರ ವಿಷಯದಲ್ಲಿ ಅವರ ತಲೆ ಬಲು ಚುರುಕು. "ಅಯ್ಯೋ ಪೆದ್ದಪ್ಪ! ಮನೆ ಬಾಗಿಲಿಗೆ ಬಂದ ಅದೃಷ್ಟಾನ ಒದೀತಿಯಲ್ಲಯ್ಯ. ರಸ್ತೆ ಭಯಂಕರ ಅಂತ ಕಾಗದದಲ್ಲಿ ಬರೆದ್ರೆ ಯಾರು ನಂಬ್ತಾರೆ? ಕೂರಿಸ್ಕೊಂಡು ಹೋಗಿ ತೋರಿಸು. ಅಂಚಿಗೆ ಒತ್ತಿ ಓಡಿಸು. ಸಾಹೇಬ್ರು ಒಂದ್ಸಲ ಕೆಳಗಡೆ ಇಣುಕಿದ್ರೆ ಸಾಕು, ವರ್ಗದ ಆರ್ಡರ್ ಜೀಪಲ್ಲೇ ಕೂತು ಬರೀತಾರೆ!"

"ಅವರನ್ನ ಹೆದರಿಸೋದಾ? ನಾನಾ?"

ಟೈಪಿಸ್ಟಮ್ಮ ತಲೆ ಎತ್ತದೆ ಹೇಳಿದರು: "ವಿಶೇಷವಾಗಿ ಏನೂ ಮಾಡ್ಬೇಡಿ ಅಣ್ಣ. ನೀವು ಯಾವಾಗ್ಲೂ ಓಡಿಸೋ ಹಾಗೆ ಓಡಿಸಿ, ಸಾಕು."

"ಹಿಂದೆ ಕೂತು ನಾನು ಒಗ್ಗರಣೆ ಹಾಕ್ತೀನಿ" ಎಂದು ಕ್ಯಾಷಿಯರು ಮಫ್ಲರು ಸುತ್ತಿಕೊಂಡು ಹೊರಟೇಬಿಟ್ಟರು.

ಸಾಹೇಬರು ಮುಂದಿನ ಸೀಟಿನಲ್ಲಿ ಕೂತು, "ಹೂಂ" ಎಂದರು. ಜೀಪು ಹೊರಟಿತು.

ಮೊದಲ ತಿರುವಿನಲ್ಲೇ ರಸ್ತೆಯ ಎಡಬದಿ ಮಾಯವಾಯಿತು. ತಡೆಗೋಡೆಯೂ ಇಲ್ಲ, ಕಂಬವೂ ಇಲ್ಲ. ಕೆಳಗೆ, ಎಷ್ಟೋ ಕೆಳಗೆ, ನದಿಯೊಂದು ಬಿದ್ದುಹೋದ ದಾರದ ಎಳೆಯಂತೆ ಕಾಣುತ್ತಿತ್ತು. ಬ್ರೇಕಪ್ಪ ಗಟ್ಟಿ ಮನಸ್ಸು ಮಾಡಿ ಒಂದಿಷ್ಟು ಅಂಚಿಗೆ ಒತ್ತಿದ.

ಹಿಂದಿನಿಂದ ಕ್ಯಾಷಿಯರು ಶುರುಮಾಡಿದರು. "ಇಲ್ಲೇ ಸಾರ್, ಹೋದ ವರ್ಷ ಸಿಮೆಂಟ್ ಲಾರಿ ಬಿದ್ದಿದ್ದು. ಲಾರಿ ಸಿಕ್ತು, ಸಿಮೆಂಟ್ ಸಿಗ್ಲಿಲ್ಲ."

ಇನ್ನೊಂದು ತಿರುವು, ಇನ್ನೂ ಒಂದು ಕಥೆ. ಸಾಹೇಬರು ತುಟಿ ಬಿಚ್ಚಲಿಲ್ಲ.

"ಕೆಲಸ ಆಯ್ತು ಕಣಯ್ಯ! ಭಯಕ್ಕೆ ನಾಲಿಗೆ ಒಣಗೋಗಿದೆ" ಎಂದು ಕ್ಯಾಷಿಯರು ಬ್ರೇಕಪ್ಪನ ಕಿವಿಯಲ್ಲಿ ಪಿಸುಗುಟ್ಟಿದರು.

ಬ್ರೇಕಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಪಕ್ಕದಿಂದ ಮರ ಕೊಯ್ಯುವ ಗರಗಸದಂಥ ಸದ್ದು. ಗೇರ್ ಬಾಕ್ಸ್ ಕೆಟ್ಟಿತೆಂದುಕೊಂಡು ನೋಡಿದರೆ ಸಾಹೇಬರ ಗೊರಕೆ!

"ನಿದ್ದೆ ಮಾಡ್ತಿದಾರೆ" ಎಂದ ಬ್ರೇಕಪ್ಪ, ಅಳುವ ದನಿಯಲ್ಲಿ.

"ಈ ರಸ್ತೇಲಾ? ಎಬ್ಬಿಸಯ್ಯ!"

"ನೀವೇ ಎಬ್ಬಿಸಿ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬ್ರೇಕಪ್ಪ ಹಾರ್ನ್ ಒತ್ತಿಹಿಡಿದ. ಆ ಸದ್ದಿಗೆ ಮೇಲಿನ ಬಂಡೆಯಿಂದ ನಾಲ್ಕು ಕಲ್ಲು ಉರುಳಿದವು, ಸಾಹೇಬರು ಮಿಸುಕಲಿಲ್ಲ. ಮುಂದೆ ಬೆಟ್ಟದ ನೀರು ರಸ್ತೆಗೆ ಅಡ್ಡಲಾಗಿ ಧುಮುಕುವ ಜಾಗ. ಅಲ್ಲಿ ವೇಗ ತಗ್ಗಿಸದೆ ನುಗ್ಗಿಸಿದ. ತಣ್ಣನೆಯ ನೀರು ರಾಚಿಕೊಂಡು ಒಳಬಂದು, ಸಾಹೇಬರನ್ನು ಬಿಟ್ಟು, ಹಿಂದೆ ಕೂತ ಕ್ಯಾಷಿಯರಿಗೆ ತಲೆಸ್ನಾನ ಮಾಡಿಸಿತು. ಸಾಹೇಬರು ನಿದ್ದೆಯಲ್ಲೇ ಮುಗುಳ್ನಕ್ಕು, ವಾಲಿ, ಬ್ರೇಕಪ್ಪನ ಎಡ ಹೆಗಲಿನ ಮೇಲೆ ತಲೆ ಇಟ್ಟರು.

ಈಗ ನಿಜವಾದ ಫಜೀತಿ. ಗೇರು ಹಾಕಬೇಕಾದ ಕೈಯ ಮೇಲೆ ಇಡೀ ಇಲಾಖೆಯ ತಲೆ ಮಲಗಿದೆ. ಕೈ ಅಲ್ಲಾಡಿಸಿದರೆ ಸಾಹೇಬರು ಉರುಳುತ್ತಾರೆ, ಅಲ್ಲಾಡಿಸದಿದ್ದರೆ ಜೀಪು ಉರುಳುತ್ತದೆ. ಬ್ರೇಕಪ್ಪ ಬೆರಳ ತುದಿಯಿಂದ ಗೇರನ್ನು ತಳ್ಳುತ್ತ, ಎದೆಯಿಂದ ಸ್ಟಿಯರಿಂಗ್ ಒತ್ತುತ್ತ, ತನಗೇ ಗೊತ್ತಿಲ್ಲದಷ್ಟು ಮೆತ್ತಗೆ ಓಡಿಸತೊಡಗಿದ. ಕ್ಯಾಷಿಯರ ಕಥೆಗಳು ನಿಂತುಹೋಗಿದ್ದವು. ಎಂಟು ವರ್ಷದಿಂದ ಬಸ್ಸಿನ ನಡು ಸೀಟಿನಲ್ಲಿ ಮುಖ ಮುಚ್ಚಿಕೊಂಡೇ ಓಡಾಡಿದ ಪುಣ್ಯಾತ್ಮರು ಈಗಷ್ಟೇ ಮೊದಲ ಬಾರಿಗೆ ಕೆಳಗೆ ಇಣುಕಿದ್ದರು.

ಅತ್ಯಂತ ಇಕ್ಕಟ್ಟಾದ ಜಾಗದಲ್ಲಿ ಎದುರಿಗೆ ಬಸ್ಸು ಬಂತು. ಆ ರಸ್ತೆಯ ಕಟ್ಟಳೆ ಎಲ್ಲರಿಗೂ ಗೊತ್ತು. ಹತ್ತುವ ಗಾಡಿಗೆ ಮೊದಲ ದಾರಿ. ಇಳಿಯುವ ಗಾಡಿ, ಅದರಲ್ಲಿ ಸಾಕ್ಷಾತ್ ಇಲಾಖೆಯ ಮುಖ್ಯಸ್ಥರೇ ಇರಲಿ, ಅಗಲವಾದ ಜಾಗ ಸಿಗುವವರೆಗೆ ಹಿಂದಕ್ಕೆ ಹತ್ತಬೇಕು.

ಬಸ್ಸಿನ ಡ್ರೈವರು ಇಳಿದು ಬಂದ. ಅವನ ಹಿಂದೆ ಪ್ರಯಾಣಿಕರೆಲ್ಲ ಇಳಿದರು. ಪುಕ್ಕಟೆ ಸಲಹೆಗೆ ಬರವೇ?

"ಬಲಕ್ಕೆ ತಿರುಗ್ಸಿ!"

"ಎಡಕ್ಕೆ ಕಣ್ರೀ, ಬಲಕ್ಕೆ ಬಂಡೆ ಇದೆ!"

"ಬರ್ಲಿ, ಬರ್ಲಿ, ಬರ್ಲಿ... ಅಯ್ಯಯ್ಯೋ ಸಾಕು!"

ಹಿಂದಿನ ಚಕ್ರದಡಿಯಿಂದ ಒಂದು ಕಲ್ಲು ಜಾರಿ ಪ್ರಪಾತಕ್ಕೆ ಬಿತ್ತು. ಅದು ತಳ ಮುಟ್ಟಿದ ಸದ್ದಿಗಾಗಿ ಎಲ್ಲರೂ ಕಿವಿಗೊಟ್ಟರು. ಸದ್ದು ಬರಲೇ ಇಲ್ಲ. ಕ್ಯಾಷಿಯರು ಸೀಟಿನಿಂದ ಜಾರಿ ಜೀಪಿನ ನೆಲದ ಮೇಲೆ ಕೂತು, ನೆನಪಿಗೆ ಬಂದ ದೇವರನ್ನೆಲ್ಲ ಕರೆಯತೊಡಗಿದರು. ಒಬ್ಬ ಮುದುಕಿ ಕಿಟಕಿಯಲ್ಲಿ ಇಣುಕಿ, "ಇವರು ಹೋಗ್ಬಿಟ್ರಾ ಪಾಪ?" ಎಂದು ಕೇಳಿದಳು.

"ಇಲ್ಲಮ್ಮ, ನಿದ್ದೆ."

"ಇಂಥ ಜಾಗದಲ್ಲಿ ನಿದ್ದೆಯಾ! ನಿನ್ನ ಕೈಮೇಲೆ ಎಷ್ಟು ನಂಬಿಕೆ ಮಗಾ ಅವರಿಗೆ!"

ಬ್ರೇಕಪ್ಪನ ಹಣೆಯಿಂದ ಬೆವರು ಹನಿಹನಿಯಾಗಿ ಸಾಹೇಬರ ಬೋಳುತಲೆಯ ಮೇಲೆ ಬೀಳುತ್ತಿತ್ತು. ಅಂಗುಲ ಅಂಗುಲವಾಗಿ ಹಿಂದಕ್ಕೆ ಹತ್ತಿ, ಬಸ್ಸಿಗೆ ದಾರಿ ಬಿಟ್ಟ. ಜನ ಚಪ್ಪಾಳೆ ತಟ್ಟಿ ಹೋದರು. ಅವನಿಗೆ ಬೇಕಾಗಿದ್ದ ಒಬ್ಬ ಸಾಕ್ಷಿ ಮಾತ್ರ ಗೊರಕೆ ಹೊಡೆಯುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಯಲಿನ ಕಚೇರಿಯ ಗೇಟಿನ ಮುಂದೆ ನಿಂತಿತು. ಎರಡು ಬೀದಿ ದಾಟಿದರೆ ಬ್ರೇಕಪ್ಪನ ಮನೆ. ಎಂಜಿನ್ ನಿಲ್ಲಿಸಿದ್ದೇ ತಡ, ಸಾಹೇಬರು ಕಣ್ಣು ಬಿಟ್ಟರು.

ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲವೆಂದು ಬ್ರೇಕಪ್ಪ ಬಾಯಿ ತೆರೆದ. "ಸಾರ್, ಈ ರಸ್ತೆ..."

"ನಾನು ನಿದ್ದೆ ಮಾಡಿದ್ನೇನ್ರೀ?" ಸಾಹೇಬರು ಅವನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. "ನನಗೆ ನಿದ್ದೆ ಬಂದು ವರ್ಷಗಳೇ ಆಗಿತ್ತು ಕಣ್ರೀ! ಮಾತ್ರೆ ತಗೊಂಡೆ, ಡಾಕ್ಟರುಗಳ ಬಾಗಿಲು ಸವೆಸಿದೆ, ಹಾಸಿಗೆ ಬದಲಾಯಿಸಿದೆ. ನಿದ್ದೆ ಇಲ್ದೆ ಕಂಡವರ ಮೇಲೆಲ್ಲಾ ರೇಗ್ತಿದ್ದೆ. ಇವತ್ತು ತೊಟ್ಟಿಲಲ್ಲಿ ಮಲಗಿದ ಹಾಗಿತ್ತು. ಕೇಳ್ರೀ, ನಿಮಗೇನು ಬೇಕು?"

ಬ್ರೇಕಪ್ಪನ ಕಾಲು ನೆಲದ ಮೇಲಿರಲಿಲ್ಲ. "ಕೆಳಗಡೆಗೆ ವರ್ಗ, ಸಾರ್!"

"ಅದೊಂದು ಬಿಟ್ಟು ಬೇರೆ ಕೇಳಿ. ನೀವು ಇಳಿದುಬಂದ್ರೆ ನನ್ನನ್ನ ಮಲಗಿಸೋರು ಯಾರು? ನೀವು ಮೇಲೇ ಇರಬೇಕು. ಇನ್ಮೇಲೆ ವಾರಕ್ಕೆರಡು ಸಲ ತಪಾಸಣೆಗೆ ಬರ್ತೀನಿ."

ಅಷ್ಟರಲ್ಲಿ ಜೀಪಿನ ಹಿಂಬದಿಯಿಂದ ಒದ್ದೆ ಮಫ್ಲರಿನ ಆಕೃತಿಯೊಂದು ತೆವಳಿಕೊಂಡು ಇಳಿದು ಗೇಟನ್ನು ಅಪ್ಪಿಕೊಂಡಿತು. ಕ್ಯಾಷಿಯರು! ಮುಖ ಸುಣ್ಣ ಬಳಿದಂತಾಗಿತ್ತು.

"ಅಯ್ಯೋ ಪಾಪ, ಏನ್ರೀ ನಿಮ್ಮ ಅವಸ್ಥೆ? ಬೆಟ್ಟದ ಹವೆ ನಿಮಗೆ ಒಗ್ಗಲ್ಲ. ನಾಳೆಯಿಂದ ಇಲ್ಲೇ ಡ್ಯೂಟಿಗೆ ಬನ್ನಿ" ಎಂದರು ಸಾಹೇಬರು. ನಿದ್ದೆಯಾದ ಮನುಷ್ಯ ಎಷ್ಟು ಕರುಣಾಮಯಿ!

ಬ್ರೇಕಪ್ಪ ಕ್ಯಾಷಿಯರ ಮುಖ ನೋಡಿದ. ಕ್ಯಾಷಿಯರು ಗೇಟಿನ ಮುಖ ನೋಡಿದರು.

"ನಾನು... ನಾನು ಒಂದು ಗಳಿಗೆ ಮನೆಗೆ ಹೋಗಿ ಬರಲಾ ಸಾರ್?" ಎಂದ ಬ್ರೇಕಪ್ಪ.

ಸಾಹೇಬರು ಕಚೇರಿಯ ಕಡೆಗೊಮ್ಮೆ, ಬೆಟ್ಟದ ಕಡೆಗೊಮ್ಮೆ ನೋಡಿದರು. ಕೈ ಬಾಯಿಗೆ ಅಡ್ಡ ಹಿಡಿದು ಸುಖವಾಗಿ ಒಂದು ಆಕಳಿಕೆ ತೆಗೆದರು. ಮತ್ತೆ ಜೀಪು ಹತ್ತಿ, ಸೀಟಿಗೆ ಒರಗಿ ಕೂತರು.

"ಮೀಟಿಂಗ್ ನಾಳೆ ಆಗ್ಲಿ ಬಿಡ್ರೀ. ಹತ್ತುವಾಗಲೂ ನಿದ್ದೆ ಬರುತ್ತಾ ನೋಡೇಬಿಡೋಣ. ತಿರುಗಿಸಿ ಜೀಪು."