ಬಸ್ಕೂತ್ ಎಂಬ ಕುದುರೆಯೂ ಮಕ್ಕಳ ಬ್ಯಾಚಿನ ನಾನೂ

ನಲವತ್ತೈದು ದಾಟಿದ ಹೆಂಗಸು ಹೊಸದಾಗಿ ಏನಾದರೂ ಕಲಿಯುತ್ತೇನೆಂದು ಹೊರಟರೆ ನಮ್ಮ ಜನ ಸಂತೋಷದಿಂದ ಒಪ್ಪುವುದು ಎರಡನ್ನು ಮಾತ್ರ. ಒಂದು, ಕೇಕಿನ ಮೇಲೆ ಐಸಿಂಗ್ ಹಾಕುವುದು. ಇನ್ನೊಂದು, ಮಂಡಿನೋವಿಗೆ ಯೋಗ. ಮೊದಲನೆಯದರಿಂದ ಅವರಿಗೆ ತಿನ್ನಲು ಸಿಗುತ್ತದೆ. ಎರಡನೆಯದರಿಂದ ನಾವು ಮನೆಕೆಲಸಕ್ಕೆ ಇನ್ನೂ ಕೆಲವು ವರ್ಷ ಬಾಳಿಕೆ ಬರುತ್ತೇವೆ. ಇವೆರಡನ್ನು ಬಿಟ್ಟು ಮೂರನೆಯದಕ್ಕೆ ಕೈಹಾಕಿದಿರೋ, ಎಲ್ಲರೂ ನಿಮ್ಮ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಮುಖ ಮಾಡುತ್ತಾರೆ. ನಾನು ಮೂರನೆಯದಕ್ಕೆ ಕೈ ಮಾತ್ರವಲ್ಲ, ಕಾಲೂ ಹಾಕಿದವಳು. ಅದೂ ಕುದುರೆಯ ಮೇಲೆ. ಯಾರ ಕ್ಷಮೆ ಕೇಳುವುದಕ್ಕೂ ಇದನ್ನು ಬರೆಯುತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಐರಿನ್. ಊರು ಉಡುಪಿಯ ಹತ್ತಿರ, ಕೆಲಸ ಖಮೀಸ್ ಮುಶೈತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಸೌದಿ ಎಂದರೆ ಮರಳು ಮತ್ತು ಸೆಕೆ ಎಂದುಕೊಂಡವರು ನಮ್ಮ ಖಮೀಸಿಗೆ ಬರಬೇಕು. ಇಲ್ಲಿ ಬೆಟ್ಟಗಳಿವೆ, ಚಳಿಗೆ ಸ್ವೆಟರ್ ಬೇಕು, ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಮಂಜು ಒರೆಸಬೇಕು. ಗಂಡ ವಿಕ್ಟರ್ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಮ್ಯಾನೇಜರ್. ಜಗತ್ತಿನ ಯಾವುದೇ ವಸ್ತುವಿಗೆ ಬ್ರೇಕ್ ಎಲ್ಲಿದೆ ಎಂದು ಮೊದಲು ಹುಡುಕುವ ಮನುಷ್ಯ. ಮಗಳು ರಿಯಾಗೆ ಹನ್ನೊಂದು ವರ್ಷ. ಇಂಡಿಯನ್ ಸ್ಕೂಲಿನಲ್ಲಿ ಆರನೇ ಕ್ಲಾಸು. ಆಕೆಯ ಬೆನ್ನು ಆಗಲೇ ಪ್ರಶ್ನಾರ್ಥಕ ಚಿಹ್ನೆಯ ಆಕಾರಕ್ಕೆ ಬಂದಿತ್ತು. ಕಾರಣ ಟ್ಯಾಬು. ಊಟಕ್ಕೆ ಕರೆದರೆ "ಟೂ ಮಿನಿಟ್ಸ್, ಮಮ್ಮಿ" ಎನ್ನುವಳು. ಆ ಎರಡು ನಿಮಿಷದಲ್ಲಿ ನಾನು ಒಂದು ಕುಕ್ಕರ್ ಅನ್ನ ಮಾಡಿ ಮುಗಿಸಿದ್ದಿದೆ.

ಅಂಥ ದಿನಗಳಲ್ಲಿ ಸಹೋದ್ಯೋಗಿಯೊಬ್ಬಳು ಊರ ಹೊರಗಿನ ಕಣಿವೆಯಲ್ಲಿರುವ ಕುದುರೆ ಲಾಯದ ವಿಷಯ ಹೇಳಿದಳು. ಶನಿವಾರ ಬೆಳಿಗ್ಗೆ ಮಕ್ಕಳಿಗೆ ಸವಾರಿ ಕಲಿಸುತ್ತಾರಂತೆ. ಕುದುರೆಯ ಮೇಲೆ ಕೂತ ಮಗುವಿನ ಬೆನ್ನು ತಾನೇ ನೆಟ್ಟಗಾಗುತ್ತದೆ, ಧೈರ್ಯ ಬರುತ್ತದೆ, ಗಮನ ಒಂದೇ ಕಡೆ ನಿಲ್ಲುತ್ತದೆ ಎಂದಳು. ಮೂರೂ ನನ್ನ ಮಗಳಿಗೆ ತುರ್ತಾಗಿ ಬೇಕಾಗಿದ್ದ ಔಷಧಿಗಳೇ. ವಿಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಬ್ರೇಕ್ ಎಂತದು?"

ಕಲಿಸುವವಳು ಕ್ಯಾಪ್ಟನ್ ನೂರಾ. ಇಲ್ಲಿ ಆಟ ಕಲಿಸುವವರೆಲ್ಲ ಕ್ಯಾಪ್ಟನ್‌ಗಳೇ. ಮೂವತ್ತರ ಆಸುಪಾಸಿನ ಸೌದಿ ಹುಡುಗಿ. ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಯ ಕುದುರೆಯೂ ತಪ್ಪು ತಿದ್ದಿಕೊಳ್ಳುತ್ತಿತ್ತು. ರಿಯಾಗೆ ಸಿಕ್ಕಿದ್ದು ಬಸ್ಕೂತ್ ಎಂಬ ಕಂದು ಬಣ್ಣದ ಮುದಿ ಕುದುರೆ. ಬಸ್ಕೂತ್ ಎಂದರೆ ಇಲ್ಲಿಯ ಅರಬಿಯಲ್ಲಿ ಬಿಸ್ಕತ್ತು. ಬಣ್ಣವೂ ಹಾಗೆಯೇ, ಸ್ವಭಾವವೂ ಚಹದಲ್ಲಿ ಅದ್ದಿದ ಬಿಸ್ಕತ್ತಿನಷ್ಟೇ ಮೆತ್ತಗೆ. ಎರಡು ವಾರ ಎಲ್ಲ ಚೆನ್ನಾಗಿ ನಡೆಯಿತು. ಮೂರನೆಯ ವಾರ ಬಸ್ಕೂತ್ ಸೀನಿತು. ಕುದುರೆ ಸೀನಿದರೆ ಅದು ನಮ್ಮ ನಿಮ್ಮ ಸೀನಲ್ಲ. ಮೇಲೆ ಕೂತವರ ಮಟ್ಟಿಗೆ ಭೂಕಂಪ. ರಿಯಾ ಜೀನಿನಿಂದ ಜಾರಿ, ಓಡಿ ಬಂದು, ಬೇಲಿ ದಾಟಿ ಕಾರಿನೊಳಗೆ ಕೂತು ಬಾಗಿಲು ಲಾಕ್ ಮಾಡಿಕೊಂಡಳು.

ನಾನು ಕಿಟಕಿಯ ಹತ್ತಿರ ನಿಂತು ಧೈರ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಬಹಳ ಒಳ್ಳೆಯ ಭಾಷಣ. ಬಿದ್ದರೆ ಏಳಬೇಕು, ಹೆದರಿಕೆಯನ್ನು ಎದುರಿಸಬೇಕು, ಇತ್ಯಾದಿ. ರಿಯಾ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ, "ಹಾಗಾದ್ರೆ ನೀನೇ ಕೂತ್ಕೋ ಅಲ್ವಾ, ಮಮ್ಮಿ?" ಎಂದು ಗಾಜು ಮತ್ತೆ ಏರಿಸಿದಳು. ತಿರುಗಿ ನೋಡಿದರೆ ಕ್ಯಾಪ್ಟನ್ ನೂರಾ ನನ್ನ ಹಿಂದೆಯೇ ಹೆಲ್ಮೆಟ್ ಹಿಡಿದು ನಿಂತಿದ್ದಳು. ಅವಳಿಗೆ ನಮ್ಮ ಭಾಷೆ ಬಾರದು. ಆದರೆ ಮಕ್ಕಳು ತಾಯಂದಿರನ್ನು ಸಿಕ್ಕಿಸಿಹಾಕುವ ಧಾಟಿ ಎಲ್ಲ ಭಾಷೆಯಲ್ಲೂ ಒಂದೇ ಇರಬೇಕು. "ಯಲ್ಲಾ, ಸಿಸ್ಟರ್," ಎಂದಳು. ನಡೆ, ಹತ್ತು ಎಂದರ್ಥ.

ಕುದುರೆ ಹತ್ತಲು ಮೂರು ಮೆಟ್ಟಿಲಿನ ಒಂದು ಪೆಟ್ಟಿಗೆ ಇಡುತ್ತಾರೆ. ನಾನು ಮೂರನೆಯ ಮೆಟ್ಟಿಲಿನಲ್ಲಿ ನಿಂತು ಸಂತ ಆಂತೋನಿಯಿಂದ ಹಿಡಿದು ನೆನಪಾದ ಸಂತರನ್ನೆಲ್ಲ ಕರೆದೆ. ಎಡಗಾಲನ್ನು ಜೀನಿನಿಂದ ತೂಗುವ ರಿಕಾಪಿನಲ್ಲಿಟ್ಟು, ಬಲಗಾಲನ್ನು ಆಚೆ ಹಾಕುವಷ್ಟರಲ್ಲಿ ಬಸ್ಕೂತ್ ಕತ್ತು ತಿರುಗಿಸಿ ನನ್ನನ್ನು ಒಮ್ಮೆ ನೋಡಿತು. ಡ್ಯೂಟಿ ಮುಗಿಯುವ ಹೊತ್ತಿಗೆ ಹೊಸ ರೋಗಿ ಬಂದರೆ ನಾವು ನೋಡುತ್ತೇವಲ್ಲ, ಥೇಟ್ ಹಾಗೆ. ಆಮೇಲೆ ನಡೆಯತೊಡಗಿತು. ಏನೆಂದು ಹೇಳಲಿ! ಇಪ್ಪತ್ತೆರಡು ವರ್ಷ ಇನ್ನೊಬ್ಬರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಹಾಸಿಗೆಗೆ ಎತ್ತಿ ಹಾಕಿದವಳು ನಾನು. ನನ್ನನ್ನು ಎತ್ತಿಕೊಂಡು ಯಾರಾದರೂ ನಡೆದದ್ದು ಅದೇ ಮೊದಲು. ಎರಡು ಸುತ್ತು ಮುಗಿದಾಗ ಕ್ಯಾಪ್ಟನ್ "ಖಲಾಸ್" ಎಂದಳು. ನಾನು "ಇನ್ನೊಂದು" ಎಂದೆ.

ನನ್ನ ರಜೆಗೂ ದೊಡ್ಡವರ ತರಗತಿಗೂ ಹೊಂದಿಕೆಯಾಗದ್ದರಿಂದ ರಿಯಾ ಖಾಲಿ ಮಾಡಿದ ಜಾಗಕ್ಕೆ ನಾನೇ ಸೇರಿದೆ, ಮಕ್ಕಳ ಬ್ಯಾಚಿಗೆ. ಬ್ಯಾಚಿನಲ್ಲಿ ಏಳು ಜನ. ಆರು ಜನರಿಗೆ ಹನ್ನೆರಡರೊಳಗಿನ ವಯಸ್ಸು, ಏಳನೆಯವಳಿಗೆ ನಲವತ್ತೇಳು. ಬಸ್ಕೂತ್ ನನ್ನ ಮಾತು ಕೇಳದಿದ್ದಾಗ ಎಂಟು ವರ್ಷದ ಲೂಲು ಎಂಬ ಪುಟ್ಟ ಸೌದಿ ಹುಡುಗಿ ತನ್ನ ಕುದುರೆಯನ್ನು ಪಕ್ಕಕ್ಕೆ ತಂದು, "ಖಾಲಾ, ಅದರ ಕಿವಿ ನೋಡು. ಕಿವಿ ಹಿಂದೆ ಹೋದರೆ ಅದಕ್ಕೆ ಸಿಟ್ಟಲ್ಲ, ಭಯ," ಎಂದು ಪಾಠ ಹೇಳುತ್ತಿದ್ದಳು. ಖಾಲಾ ಎಂದರೆ ಚಿಕ್ಕಮ್ಮ. ಆ ಪಾಠ ನನಗೆ ವಾರ್ಡಿನಲ್ಲಿ ಉಪಯೋಗಕ್ಕೆ ಬಂತು. ಒಬ್ಬ ರೋಗಿಯ ಅಣ್ಣ ದಿನಾ ನಮ್ಮ ಮೇಲೆ ಕಿರುಚಾಡುತ್ತಿದ್ದ. ಮೊದಲಾಗಿದ್ದರೆ ನಾನೂ ತಿರುಗಿ ನಾಲ್ಕು ಮಾತು ಅನ್ನುತ್ತಿದ್ದೆ. ಅಂದು ಅವನ ಕಿವಿ ನೋಡಿದೆ, ಅಂದರೆ ಮುಖ ನೋಡಿದೆ. ಮನುಷ್ಯ ಹೆದರಿಹೋಗಿದ್ದ. ಕೂರಿಸಿ ನೀರು ಕೊಟ್ಟು, ತಮ್ಮನ ರಿಪೋರ್ಟಿನಲ್ಲಿ ಏನಿದೆ ಎಂದು ನಿಧಾನವಾಗಿ ವಿವರಿಸಿದೆ. ಮರುದಿನ ಇಡೀ ವಾರ್ಡಿಗೆ ಖರ್ಜೂರ ತಂದುಕೊಟ್ಟ. ಕುದುರೆ ಸವಾರಿಯಿಂದ ದೊಡ್ಡವರಿಗೆ ಏನು ಲಾಭ ಎಂದು ಕೇಳುವವರಿಗೆ ಇದನ್ನು ಹೇಳುತ್ತೇನೆ. ಬೆನ್ನುನೋವು ಕಡಿಮೆಯಾಯಿತು, ಅದು ಬೇರೆ.

ಆದರೆ ಕೇಳುವವರು ಲಾಭದ ವಿಷಯ ಕೇಳುತ್ತಲೇ ಇರಲಿಲ್ಲ. ಬ್ಯಾಚಿನಲ್ಲಿ ರಿಯಾಳ ಕ್ಲಾಸಿನ ಅನನ್ಯ ಎಂಬ ಹುಡುಗಿಯೂ ಇದ್ದಳು. ಅವಳ ತಾಯಿ ತೆಗೆದ ನನ್ನ ಫೋಟೋ ಅಲ್ಲಿ ಇಲ್ಲಿ ಸುತ್ತಿ ನಮ್ಮೂರವರ ವಾಟ್ಸ್ಯಾಪ್ ಗುಂಪಿಗೆ ಬಂದು ಬಿತ್ತು. ನಾನು ಹೆಲ್ಮೆಟ್ಟಿನಲ್ಲಿ, ಹಲ್ಲು ಕಚ್ಚಿ, ಬಸ್ಕೂತ್‌ನ ಕುತ್ತಿಗೆ ಅಪ್ಪಿಕೊಂಡಿರುವ ಫೋಟೋ. ಮೊದಲ ಪ್ರತಿಕ್ರಿಯೆ ಫ್ಲೇವಿಯಾ ಬಾಯಿಯದ್ದು. ನಮ್ಮ ಕಟ್ಟಡದಲ್ಲೇ ಇರುವ ಹಿರಿಯ ಹೆಂಗಸು, ದೊಡ್ಡ ಹೆಂಗಸರನ್ನು ನಾವು ಬಾಯಿ ಎಂದೇ ಕರೆಯುವುದು. ಯಾರ ಮನೆಯಲ್ಲಿ ಏನು ನಡೆದರೂ ಅದಕ್ಕೆ ಸೂಕ್ತ ಮಾತು ಅವರಲ್ಲಿ ತಯಾರಿರುತ್ತದೆ. "ಪಾಪ, ಕುದುರೆ," ಎಂದು ಬರೆದಿದ್ದರು. ಅದರ ಕೆಳಗೆ ಇಪ್ಪತ್ತಮೂರು ನಗುವ ಮುಖಗಳು. ಅದರಲ್ಲಿ ಒಂದು ವಿಕ್ಟರನದ್ದು.

"ಕೈ ತಾಗಿ ಹೋದದ್ದು ಮಾರಾಯ್ತಿ," ಎಂದ ವಿಕ್ಟರ್.

"ಸರಿಯಾಗಿ ನಗುವ ಮುಖದ ಮೇಲೆಯೇ ತಾಗಿತಾ?"

"ಅದು ಬಿಡು. ನಿನಗೆ ಮರ್ಲಾ? ಬಿದ್ದು ಸೊಂಟ ಮುರಿದ್ರೆ ಎಂತ ಮಾಡುದು? ನಿನ್ನನ್ನು ನೋಡ್ಲಿಕ್ಕೆ ಸಿಸ್ಟರ್ ಯಾರು?"

"ನೀನೇ. ಕಲಿತುಕೋ," ಎಂದೆ.

ಅವನ ಮಾತಿಗೆ ನಾನು ಅಂಜಲಿಲ್ಲ. ಫ್ಲೇವಿಯಾ ಬಾಯಿಗೂ ಅಂಜಲಿಲ್ಲ, ಲಿಫ್ಟಿನಲ್ಲಿ ಸಿಕ್ಕಾಗ, "ಕುದುರೆ ನಿಮ್ಮನ್ನು ಕೇಳಿದೆ, ಬಾಯಿ. ಚೆನ್ನಾಗಿದೆಯಂತೆ," ಎಂದು ಹೇಳಿ ಇಳಿದೆ. ಆದರೆ ಒಂದು ಸಂಜೆ ರಿಯಾ ಶಾಲೆಯ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು, "ಮಮ್ಮಿ, ಪ್ಲೀಸ್, ಇನ್ನು ಹೋಗ್ಬೇಡ. ಎಲ್ರೂ ನಗ್ತಾರೆ. ಬೇಬಿ ಬ್ಯಾಚ್ ಆಂಟಿ ಅಂತ ಕರೀತಾರೆ," ಎಂದು ಅತ್ತಾಗ ನನ್ನ ಹಠದ ಗಾಳಿ ಒಂದು ಕ್ಷಣ ಇಳಿದೇ ಹೋಯಿತು. ಬಿಟ್ಟುಬಿಡಲೇ ಎಂದುಕೊಂಡೆ. ಬಿಟ್ಟರೆ ಅವಳ ಅಳು ನಿಲ್ಲುತ್ತದೆ ನಿಜ. ಆದರೆ ನಾಲ್ಕು ಜನ ನಕ್ಕರೆ ಇಷ್ಟವಾದದ್ದನ್ನು ಬಿಡಬೇಕು ಎಂದು ಅವಳು ನನ್ನಿಂದಲೇ ಕಲಿತ ಹಾಗಾಗುತ್ತದಲ್ಲ! ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ನಿನಗೆ ಕಷ್ಟ ಆಗ್ತದೆ, ಗೊತ್ತುಂಟು. ಆದ್ರೂ ನಾನು ಹೋಗ್ತೇನೆ, ಪುತಾ," ಎಂದೆ. ಅವಳು ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಆ ಮೂರು ದಿನ ನಾನು ಏನು ತಿಂದೆನೆಂದು ನನಗೆ ನೆನಪಿಲ್ಲ. ಶನಿವಾರ ಮಾತ್ರ ಹೋದೆ.

ಕೋರ್ಸು ಮುಗಿಯುವ ದಿನ ಮನೆಯವರ ಎದುರು ಒಂದು ಸಣ್ಣ ಪ್ರದರ್ಶನ. ಒಬ್ಬೊಬ್ಬರೇ ಬಂದು, ನೆಟ್ಟ ಕಂಬಗಳ ನಡುವೆ ಹಾವಿನ ಹಾಗೆ ಸುತ್ತಿ, ಕೊನೆಗೆ ಒಂದು ಸುತ್ತು ಟ್ರಾಟ್ ಮಾಡಬೇಕು. ಟ್ರಾಟ್ ಎಂದರೆ ಕುದುರೆ ನಡಿಗೆ ಬಿಟ್ಟು ಕುಲುಕುತ್ತ ಓಡುವುದು. ಮೇಲೆ ಕೂತವರು ಅದರ ತಾಳಕ್ಕೆ ಎದ್ದು ಕೂತು ಮಾಡಬೇಕು. ತಾಳ ತಪ್ಪಿದರೆ ಬೆನ್ನುಮೂಳೆಯ ಒಂದೊಂದು ಮಣಿಯೂ ತನ್ನ ಹೆಸರು ಹೇಳಿಕೊಳ್ಳುತ್ತದೆ. ಬೇಲಿಯ ಆಚೆ ವಿಕ್ಟರ್, ಅವನ ಪಕ್ಕ ಮುಖ ಗಂಟಿಕ್ಕಿದ ರಿಯಾ. "ಸುಮ್ನೆ ನೋಡಿಕೊಂಡು ಹೋಗುವ ಅಂತ ಬಂದದ್ದು" ಎಂದ ಫ್ಲೇವಿಯಾ ಬಾಯಿಯೂ ಇದ್ದರು, ಮುಂದಿನ ಸಾಲಿನಲ್ಲಿ.

ಕಂಬಗಳು ಮುಗಿದವು. ಟ್ರಾಟ್ ಶುರುವಾಯಿತು. ಎದ್ದೆ, ಕೂತೆ, ಎದ್ದೆ, ಕೂತೆ. ಫ್ಲೇವಿಯಾ ಬಾಯಿಯ ಎದುರು ಬಂದಾಗ ನನಗೆ ಸ್ವಲ್ಪ ಜಂಬ ಬಂತು. ಅವರ ಕಡೆ ತಿರುಗಿ ಮುಗುಳ್ನಕ್ಕೆ. ಬಸ್ಕೂತ್ ಎಡಕ್ಕೆ ತಿರುಗಿತು. ನಾನು ಮುಗುಳ್ನಗುತ್ತಲೇ ನೇರ ಹೋದೆ. ಆಮೇಲೆ ನನ್ನ ಬಾಯಿ ತುಂಬ ಮರಳು.

ಹೌದು, ಬಿದ್ದೆ. ಏನೀಗ? ವಿಕ್ಟರ್ ಬೇಲಿ ಹತ್ತತೊಡಗಿದ್ದ. ಕ್ಯಾಪ್ಟನ್ ನೂರಾ ಓಡಿ ಬಂದು ಕೈಕಾಲು ಮುಟ್ಟಿ ನೋಡಿ, "ಸಿಸ್ಟರ್, ಸಾಕು. ಸರ್ಟಿಫಿಕೇಟ್ ಕೊಡುತ್ತೇನೆ," ಎಂದಳು. ನಾನು ಎದ್ದು ಮರಳು ಉಗಿದು ಬಸ್ಕೂತ್‌ನ ಕಡೆ ನಡೆದೆ. ಪಾಪ, ಅದು ಕಿವಿ ಹಿಂದೆ ಮಾಡಿಕೊಂಡು ನಿಂತಿತ್ತು. ಕುತ್ತಿಗೆ ತಟ್ಟಿದೆ. ಮೆಟ್ಟಿಲಿನ ಪೆಟ್ಟಿಗೆ ದೂರದಲ್ಲಿತ್ತು. ನೆಲದಿಂದಲೇ ಹತ್ತಲು ಹೋದೆ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಅರ್ಧ ಏರಿ, ಗೋಣಿಚೀಲದ ಹಾಗೆ ಜೀನಿಗೆ ಅಡ್ಡ ಬಿದ್ದು, ಮತ್ತೆ ಕೆಳಗಿಳಿದೆ. ಯಾರೋ ಕಿಸಕ್ಕೆಂದರು. ಆಗ ಬೇಲಿಯ ಕಡೆಯಿಂದ ಒಂದು ಕೀರಲು ದನಿ ಕೇಳಿತು: "ನಗ್ಬೇಡಿ! ಶೀ ಈಸ್ ಟ್ರೈಯಿಂಗ್! ಮಮ್ಮಿ, ಜಂಪ್!" ರಿಯಾ ಬೇಲಿಯ ನಡುವಿನ ಕಂಬಿಯ ಮೇಲೆ ನಿಂತಿದ್ದಳು. ಮೂರನೆಯ ಸಲ ಏರಿದೆ. ಉಳಿದ ಸುತ್ತನ್ನು ನಡಿಗೆಯಲ್ಲೇ, ಆದರೆ ಬೆನ್ನು ನೆಟ್ಟಗೆ ಮಾಡಿಕೊಂಡು, ಯಾರ ಕಡೆಯೂ ನೋಡದೆ ಮುಗಿಸಿದೆ. ಮುಗಿದಾಗ ಲೂಲು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಫ್ಲೇವಿಯಾ ಬಾಯಿಯೂ ತಟ್ಟುತ್ತಿದ್ದರು, ಯಾರಿಗೂ ಕಾಣದ ಹಾಗೆ, ಮಡಿಲಲ್ಲಿ.

ಮರುದಿನ ಬಲಭುಜ ಊದಿಕೊಂಡಿತ್ತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲೇ ಮೂಳೆ ಡಾಕ್ಟರ ಹತ್ತಿರ ಹೋದೆ. ಈಜಿಪ್ಟಿನವರು, ಗಂಭೀರ ಮನುಷ್ಯ. ಜೊತೆಗೆ ರಿಯಾ, ನನ್ನ ಚೀಲ ಹಿಡಿದುಕೊಂಡು. "ಹೇಗಾಯಿತು, ಸಿಸ್ಟರ್?" ಎಂದು ಡಾಕ್ಟರು ಪೆನ್ನು ಎತ್ತಿದರು. ಇಡೀ ಖಮೀಸಿಗೆ ಎದೆಕೊಟ್ಟು ನಿಂತ ನಾನು, ಬಿಳಿ ಕೋಟು ಹಾಕಿದ ಒಬ್ಬ ಮನುಷ್ಯನ ಎದುರು, ನನಗೇ ಗೊತ್ತಾಗದ ಹಾಗೆ, "ಬಚ್ಚಲಲ್ಲಿ ಜಾರಿದೆ, ಡಾಕ್ಟರ್," ಎಂದುಬಿಟ್ಟೆ.

"ನೋ, ಡಾಕ್ಟರ್," ಎಂದಳು ರಿಯಾ, ಹೊರಗೆ ಕಾದವರಿಗೂ ಕೇಳುವಷ್ಟು ಗಟ್ಟಿಯಾಗಿ. "ಕುದುರೆಯಿಂದ ಬಿದ್ದದ್ದು. ಮತ್ತೆ ಹತ್ತಿದಳು. ಅವಳೇ, ಯಾರ ಹೆಲ್ಪೂ ಇಲ್ಲದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಮೊದಲ ಬಾರಿ ನಗು ಕಂಡಿತು. "ಮಾಶಾಅಲ್ಲಾಹ್! ಎಷ್ಟು ಎತ್ತರದ ಕುದುರೆ?"

ನಿಜ ಹೇಳಬೇಕೆಂದರೆ ಬಸ್ಕೂತ್‌ನ ಬೆನ್ನು ನನ್ನ ಭುಜದ ಮಟ್ಟಕ್ಕೂ ಬರುವುದಿಲ್ಲ. "ಇಷ್ಟು, ಡಾಕ್ಟರ್," ಎಂದು ತೋರಿಸಿದೆ. ಡಾಕ್ಟರು ನನ್ನ ಕೈಯನ್ನೇ ನೋಡುತ್ತಿದ್ದರು. ರಿಯಾಳೂ ನೋಡುತ್ತಿದ್ದಳು. ಆಗ ನಾನೂ ನೋಡಿದೆ. ಎದೆಯಿಂದ ಮೇಲೆ ಏಳದಿದ್ದ ನನ್ನ ಬಲಗೈ ತಲೆಯನ್ನೂ ದಾಟಿ, ಗೋಡೆಯ ಗಡಿಯಾರದ ಹತ್ತಿರ ನಿಂತಿತ್ತು.