ಚಾರ್ಜರಿಗೆ ಹೊದಿಸಿದ ಕೌದಿ

‘ಇನ್ನು ಯಾರ ಮನೀ ಫ್ರಿಜ್ಜಿಗೂ ನಾ ಕೈ ಚಾಚಾಂವಲ್ಲ!’ ಎಂದು ದೇವಿಂದ್ರಪ್ಪ ಘೋರ ಪ್ರತಿಜ್ಞೆ ಮಾಡಿದ್ದು ಭೂಸನೂರಿನಲ್ಲಿ, ನಾದಿನಿಯ ಮನೆಯಂಗಳದಲ್ಲಿ. ಅವನ ಹೆಂಡತಿ ನಿಂಬೆವ್ವನಿಗೆ ಸಕ್ಕರೆ ಕಾಯಿಲೆ. ಅವಳ ಇನ್ಸುಲಿನ್ ಸೀಸೆಗಳನ್ನು ಆ ಮನೆಯವರು ಪ್ರೀತಿಯಿಂದಲೇ ಬರ್ಫದ ಖಾನೆಯಲ್ಲಿಟ್ಟು ಕಲ್ಲು ಮಾಡಿ, ಕೆಡಿಸಿ ಕೊಟ್ಟಿದ್ದರು.

ಆಳಂದ, ಅಫಜಲಪುರ, ಜೇವರ್ಗಿಯ ರಸ್ತೆಗಳಲ್ಲಿ ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ ಸುಮ್ಮನೆ ಕೂರುತ್ತಾನೆಯೇ? ತಿಂಗಳೊಪ್ಪತ್ತಿನಲ್ಲಿ ನರೋಣಾದ ಅವನ ಮನೆ ಮುಂದೆ ಒಂದು ಹಳೆಯ ಟೆಂಪೊ ಬಂದು ನಿಂತಿತು. ಒಳಗೆ ಮಂಚ, ಗ್ಯಾಸ್ ಒಲೆ, ಮೊಣಕಾಲೆತ್ತರದ ಫ್ರಿಜ್, ಫ್ರಿಜ್ಜಿಗೆಂದೇ ಬೇರೊಂದು ಬ್ಯಾಟರಿ. ಗಾಡಿ ಓಡುವಾಗ ಎಂಜಿನ್ನಿನ ಬ್ಯಾಟರಿಯಿಂದ ಈ ಬ್ಯಾಟರಿಗೆ ಕರೆಂಟು ದಾಟಿಸುವ ಚಾರ್ಜರ್ ಒಂದು ಸಿಕ್ಕರೆ ಚಲಿಸುವ ಅರಮನೆ ಸಿದ್ಧ! ಅದಕ್ಕಾಗಿ ಹದಿನೈದು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ, ಅರ್ಧಂಬರ್ಧ ತಿಳಿದುಕೊಂಡು, ಪೂರ್ಣ ಪಂಡಿತನಾಗಿ ಆಳಂದದಲ್ಲಿ ಸಿಕಂದರನ ಬ್ಯಾಟರಿ ಅಂಗಡಿಗೆ ಹೋದ.

“ಕಾಕಾ, ನಿಮ್ಮ ಫ್ರಿಜ್ಜಿಗಿ ಇಪ್ಪತ್ತು ಆಂಪಿಯರಿಂದು ಬೇಕಾದಷ್ಟಾತು” ಎಂದ ಸಿಕಂದರ. “ನಲವತ್ತರದ್ದು ಬಾಳ ಕಾಯ್ತದ್ರಿ. ನಿಮ್ಮ ಗಾಡ್ಯಾಗ ಜಾಗಾ ಕಮ್ಮಿ ಅದ.”

“ಲೇ ಸಿಕಂದರ, ಐವತ್ತು ಸೀಟಿನ ಬಸ್ಸಿನಾಗ ನೂರಾ ಹತ್ತು ಮಂದೀನ ಒಯ್ದಾಂವ ನಾ. ನನಗ ಜಾಗಾದ ಪಾಠ ಹೇಳ್ತಿ? ದೊಡ್ಡದು ಕೊಡು!”

“ಆತ್ರಿ. ಗಾಳಿ ಆಡೂ ಹಂಗ ಇಡ್ರಿ ಮತ್ತ.”

“ಹೂಂ, ಹೂಂ” ಎಂದ ದೇವಿಂದ್ರಪ್ಪನ ಕಿವಿ ಅಲ್ಲಿರಲಿಲ್ಲ. ಮನಸ್ಸು ಆಗಲೇ ಗಾಣಗಾಪುರ ಮುಟ್ಟಿತ್ತು.

ಗಾಣಗಾಪುರದ ವಿಷಯದಲ್ಲಿ ಗಂಡ ಹೆಂಡಿರಿಗೆ ಹಳೆಯ ತಕರಾರು. ಅಲ್ಲಿ ನಡುಮಧ್ಯಾಹ್ನ ದತ್ತನೇ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಹಾಗಾಗಿ ಎಂಥ ಶ್ರೀಮಂತ ಭಕ್ತನೂ ಆ ಹೊತ್ತಿಗೆ ಐದು ಮನೆಯ ಮುಂದೆ ನಿಂತು ಮಧುಕರಿ ಬೇಡುತ್ತಾನೆ. ಗಂಡನ ಕೈಯಿಂದ ಒಮ್ಮೆ ಬೇಡಿಸಬೇಕೆಂಬುದು ನಿಂಬೆವ್ವನ ಹರಕೆ. “ಗೌರ್ಮೆಂಟ್ ಡ್ರೈವರ್ ನಾ, ಜೋಳಿಗಿ ಹಿಡೀಲೇನು ಬೇ?” ಎಂದು ದೇವಿಂದ್ರಪ್ಪ ಇಪ್ಪತ್ತು ವರ್ಷದಿಂದ ತಪ್ಪಿಸಿಕೊಂಡಿದ್ದ. ಈ ಸಲವೂ ದರ್ಶನಕ್ಕೆ ಮಾತ್ರ ಎಂದೇ ಹೊರಟಿದ್ದ.

ಚಾರ್ಜರನ್ನು ಮಂಚದ ಕೆಳಗೆ ಕೂರಿಸಿದ. ಆದರೆ ಆ ಮನೆಯಲ್ಲಿ ಹೊಸ ಸಾಮಾನು ಬರಿಮೈಯಲ್ಲಿ ಇರುವ ಪದ್ಧತಿಯಿಲ್ಲ. ಟಿವಿಗೆ ಹೊದಿಕೆ, ಮಿಕ್ಸರಿಗೆ ಹೊದಿಕೆ, ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ಜೇವರ್ಗಿ ರಸ್ತೆಯ ಧೂಳಿಗೆ ಇಷ್ಟು ಚೆಂದದ ವಸ್ತುವನ್ನು ಒಪ್ಪಿಸುವುದುಂಟೆ? ನಿಂಬೆವ್ವ ಹಳೆ ಸೀರೆಗಳಿಂದ ಹೊಲಿದಿದ್ದ ಕೌದಿಯನ್ನು ದೇವಿಂದ್ರಪ್ಪ ನಾಲ್ಕು ಮಡಿಕೆ ಮಾಡಿ, ಕೂಸಿಗೆ ಹೊದಿಸಿದ ಹಾಗೆ ಮುಚ್ಚಿ, ಅಂಚು ಒಳಗೆ ತುರುಕಿದ.

ವಾಹನ ಜೇವರ್ಗಿ ನೋಡಿತು, ಅಫಜಲಪುರ ನೋಡಿತು. ಊರೂರಿನಲ್ಲೂ ಬೀಗರು “ಒಳಗ ಬರ್ರಿ” ಎಂದರೆ “ನಮ್ಮ ಮನೀ ನಮ್ಮ ಸಂಗಾಟ ಅದರಿ” ಎಂದು ದೇವಿಂದ್ರಪ್ಪ ಬೀಗಿದ. ಮೂರನೆಯ ದಿನ, ಶುಕ್ರವಾರ, ಮಟಮಟ ಮಧ್ಯಾಹ್ನಕ್ಕೆ ಗಾಣಗಾಪುರ ಮುಟ್ಟಿದಾಗ ನಿಂಬೆವ್ವ ಫ್ರಿಜ್ ತೆರೆದಳು.

“ರೀ, ಒಳಗ ಹಾಲು ಮೊಸರಾಗ್ಯದ.”

ಫ್ರಿಜ್ಜಿನ ಬ್ಯಾಟರಿ ಸತ್ತಿತ್ತು. ಚಾರ್ಜರಿನ ದೀಪವೂ ಆರಿತ್ತು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ಕೈಯಲ್ಲಿ ತಿಂಗಳಿಡೀ ಬೇಕಾದ ಇನ್ಸುಲಿನ್. ಸಿಕಂದರ ಫೋನೆತ್ತಲಿಲ್ಲ, ಶುಕ್ರವಾರದ ನಮಾಜಿನ ಹೊತ್ತು. ಔಷಧದ ಅಂಗಡಿಯವರು ಊಟಕ್ಕೆ ಬಾಗಿಲು ಹಾಕಿದ್ದರು. ದೇವಿಂದ್ರಪ್ಪನಿಗೆ ನಿಜಕ್ಕೂ ಹೆದರಿಕೆಯಾಯಿತು. ತನ್ನ ಜಂಬಕ್ಕೆ ಇವಳ ಜೀವ ಒತ್ತೆ ಇಟ್ಟೆನಲ್ಲ ಎಂದು ಹಳಹಳಿಸಿದ. ಸೀಸೆಗಳನ್ನು ಸ್ಟೀಲಿನ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ, ಮೊಣಕಾಲು ನೋವಿನ ನಿಂಬೆವ್ವನನ್ನು ಗಾಡಿಯ ನೆರಳಲ್ಲಿ ಕೂರಿಸಿ ಓಣಿಗೆ ಓಡಿದ.

ಮೊದಲ ಮನೆ. “ತಾಯಿ, ಸ್ವಲ್ಪ...” ಎನ್ನುವಷ್ಟರಲ್ಲಿ ಒಳಗಿನಿಂದ ಬಂದ ಹೆಣ್ಣುಮಗಳು ಭಕ್ತಿಯಿಂದ ಡಬ್ಬಿಯ ಮೇಲೆ ಬಿಸಿ ರೊಟ್ಟಿ ಇಟ್ಟು ಕೈಮುಗಿದು ಹೋದಳು.

ಇನ್ಸುಲಿನ್ನಿನ ಮೇಲೆ ಬಿಸಿ ರೊಟ್ಟಿ! ಗಾಬರಿಯಲ್ಲಿ ಹೆಗಲ ಮೇಲಿನ ಟವೆಲ್ಲು ತೆಗೆದು ರೊಟ್ಟಿಯನ್ನು ಅದರಲ್ಲಿ ಹಾಕಿಕೊಂಡ. ಈಗಂತೂ ಸಾಕ್ಷಾತ್ ಭಿಕ್ಷುಕ! ಎರಡನೆಯ ಮನೆಯಲ್ಲಿ ಅನ್ನ ಬಿತ್ತು. ಮೂರನೆಯ ಮನೆಯಲ್ಲಿ “ಫ್ರಿಜ್ ಅದ ಏನ್ರಿ?” ಎಂದು ಜೋರಾಗಿಯೇ ಕೇಳಿದ. “ತಂಗಳಾ ಕೊಡಂಗಿಲ್ರಿ, ಬಿಸೀದೇ ತಗೋರಿ” ಎಂದು ಪುಂಡಿಪಲ್ಯೆ ಹಾಕಿದರು. ನಾಲ್ಕನೆಯ ಮನೆಯ ಅಜ್ಜಿ ಏನೂ ಕೇಳಲಿಲ್ಲ, ಹೋಳಿಗೆ ಕೊಟ್ಟು ಅವನ ಕಾಲಿಗೇ ನಮಸ್ಕರಿಸಿದಳು. ಅವನ ಕಣ್ಣಲ್ಲಿ ನೀರು ಬಂತು. ನಾಚಿಕೆಗೋ, ಬಿಸಿಲಿಗೋ, ಅವನಿಗೇ ತಿಳಿಯಲಿಲ್ಲ.

ಐದನೆಯದು ಗೌಸಿಯಾಬೇಗಂ ಎಂಬವರ ಮನೆ. ಆ ಮುದುಕಿ ಬಾಗಿಲಲ್ಲೇ ಅವನ ಮುಖ ನೋಡಿ, “ಹಸಿದಂಗ ಕಾಣ್ಸವಲ್ಲಿ, ಹೆದರಿದಂಗ ಕಾಣ್ಸ್ತಿ. ಏನದ ಡಬ್ಯಾಗ?” ಎಂದು ಕೇಳಿದರು.

“ಮನೆಯಾಕಿ ಇನ್ಸುಲಿನ್ ಅದರಿ ಅಮ್ಮಾ. ನಿಮ್ಮ ಫ್ರಿಜ್ಜಿನಾಗ... ಕೈ ಮುಗೀತೇನಿ.”

“ಅಷ್ಟಕ್ಕ ಯಾಕ ಅಳಾಕತ್ತಿ? ನನ್ನ ಸೀಸಿನೂ ಅಲ್ಲೇ ಅದಾವ” ಎಂದು ಡಬ್ಬಿ ಒಳಗೊಯ್ದು, ಬರುವಾಗ ಅವನ ಟವೆಲ್ಲಿಗೆ ನಾಲ್ಕು ಖರ್ಜೂರ ಹಾಕಿದರು.

ಅವನು ಗಾಡಿಗೆ ಮರಳಿದ ಮೇಲೆ, ಎರಡು ಗಂಟೆಗೆ, ಸಿಕಂದರನ ಫೋನು ಬಂತು. “ಕಾಕಾ, ಚಾರ್ಜರ್ ಕಾದು ತಾನ ಬಂದ್ ಆಗಿರ್ತದ. ಮ್ಯಾಲೇನರ ಮುಚ್ಚೀರೇನು?”

“ಕೌದಿ.”

“ಬ್ಯಾಸಗ್ಯಾಗ ಕೌದಿ ಏನ್ರಿ?”

ನಿಂಬೆವ್ವ ಮಂಚದ ಕೆಳಗೆ ಇಣುಕಿ ನೋಡಿದಳು. “ಹೌದೇನ್ರಿ! ಲಗ್ನಾಗಿ ಮೂವತ್ತಾರು ವರ್ಷಾತು, ಒಂದಿನ ನನಗ ಕೌದಿ ಹೊಚ್ಚಿಲ್ಲ. ಈ ಚಾರ್ಜರಿಗಿ ಅಂಚು ತುರುಕಿ ಹೊಚ್ಚೀರಿ!”

ದೇವಿಂದ್ರಪ್ಪ ತಲೆ ತಗ್ಗಿಸಿ ಕೌದಿ ಕಿತ್ತ, ಮಂಚದ ಹಲಗೆ ಸರಿಸಿದ, ಗಾಡಿ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಹಸಿರು ದೀಪ ಹೊತ್ತಿಕೊಂಡು ಫ್ರಿಜ್ಜು ಗುಂಯ್‌ಗುಟ್ಟಿತು.

“ಹತ್ತಿತು ನೋಡು ಬೇ! ಸೀಸಿ ವಾಪಸ್ ತಂದ್ರ ಮುಗೀತು, ಇನ್ನ ಯಾರ ಬಾಗಿಲಿಗೂ ಹೋಗೂದು ಬ್ಯಾಡ.”

ನಿಂಬೆವ್ವ ಟವೆಲ್ಲು ಬಿಡಿಸಿ ರೊಟ್ಟಿ, ಅನ್ನ, ಪಲ್ಯೆ, ಹೋಳಿಗೆ, ಖರ್ಜೂರ ಸಾಲಾಗಿ ಇಟ್ಟಳು. ಬೆರಳು ಮಡಿಸುತ್ತ ಐದನ್ನೂ ಎಣಿಸಿ ಕಣ್ಣಿಗೊತ್ತಿಕೊಂಡಳು. ಮೊದಲ ತುತ್ತು ಗಂಡನ ಬಾಯಿಗಿಟ್ಟು, ಕೌದಿಯನ್ನು ನೀಟಾಗಿ ಮಡಚಿ ಅವನ ತೊಡೆಯ ಮೇಲಿಟ್ಟಳು.

“ನಾಳಿ ಮಧುಕರಿಗಿಂತ ಮೊದಲ, ಹನ್ನೊಂದಕ್ಕ, ಮರೀದೇ ಆ ಚಾರ್ಜರಿಗಿ ಮತ್ತ ಹೊಚ್ಚರಿ.”