ಗ್ಲೆನಿಸ್‌ಳ ಎರಡನೇ ಹಾಸಿಗೆ

ಒಬ್ಬಳೇ ಹೆಂಗಸು ಹಡಗು ಹತ್ತಿದರೆ ಇಬ್ಬರ ದುಡ್ಡು ಯಾಕೆ ಕೊಡಬೇಕು? ಈ ಪ್ರಶ್ನೆಯನ್ನು ಗ್ಲೆನಿಸ್ ಬ್ರಿಸ್ಬೇನ್ ಪಕ್ಕದ ತನ್ನೂರಿನ ಟ್ರಾವೆಲ್ ಏಜೆನ್ಸಿಯಲ್ಲಿ ಎಷ್ಟು ಜೋರಾಗಿ ಕೇಳಿದಳೆಂದರೆ, ಪಕ್ಕದ ಬೇಕರಿಯ ಮುಂದೆ ಸಾಲಾಗಿ ನಿಂತಿದ್ದ ಅರ್ಧ ವಿನಮ್ ಊರು ತಿರುಗಿ ನೋಡಿತು. (ಉಳಿದ ಅರ್ಧ ಊರಿಗೆ ಸಂಜೆಯೊಳಗೆ ಸುದ್ದಿ ಮುಟ್ಟಿತು, ಅದು ಬೇರೆ ವಿಷಯ.)

ಕೌಂಟರಿನ ಹಿಂದಿದ್ದ ಹುಡುಗಿ ಜಸಿಂಟಾ ಇಂಥ ಅಬ್ಬರಗಳನ್ನು ದಿನಾ ನೋಡಿದವಳು. ನಗು ಒಂದಿಷ್ಟೂ ಮಾಸಲಿಲ್ಲ.

“ಕ್ಯಾಬಿನ್ ಲೆಕ್ಕಾನೇ ಇಬ್ಬರಿಗೆ ಇರೋದು ಗ್ಲೆನಿಸ್. ಒಬ್ಬರು ಹೋದ್ರೂ ಅಷ್ಟೇ.”

“ನಾನು ತರೋದು ಒಂದೇ ಹೊಟ್ಟೆ ಅಲ್ವೇನಮ್ಮಾ?”

“ಹೊಟ್ಟೆ ಒಂದೇ. ಆದ್ರೆ ಹಾಸಿಗೆ ಎರಡಿರುತ್ತೆ.”

“ಒಂದನ್ನ ತೆಗೆದು ಆಚೆ ಹಾಕ್ಬಿಡಿ!”

“ನೆಲಕ್ಕೆ ಬೋಲ್ಟ್ ಹಾಕಿದಾರೆ ಗ್ಲೆನಿಸ್.”

ಬೋಲ್ಟಿನ ಜೊತೆ ಯಾರು ವಾದ ಮಾಡೋಕಾಗುತ್ತೆ? ಗ್ಲೆನಿಸ್ ತನ್ನ ಕಾರ್ಡನ್ನು ಮಗುವನ್ನು ಹಾಸ್ಟೆಲ್ಲಿಗೆ ಬಿಡುವವಳಂತೆ ಮೇಜಿನ ಮೇಲಿಟ್ಟಳು. ಜಸಿಂಟಾ ಬುಕಿಂಗ್ ಮಾಡಿ ಮುಗಿಸಿ, ಸಮಾಧಾನಕ್ಕೆಂದು ಒಂದು ಮಾತು ಹೇಳಿದಳು. “ಎರಡನೇ ಹಾಸಿಗೆ ನಿಮ್ಮದೇ. ಹೊರಡೋಕೆ ಒಂದು ವಾರ ಮುಂಚೆ ತನಕ ಯಾರ ಹೆಸರು ಬೇಕಾದ್ರೂ ಸೇರಿಸ್ಬಹುದು.” ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಸಮಸ್ತ ಅನಾಹುತಕ್ಕೂ ಮೂಲ ಇದೇ ಮಾತು.

ಗ್ಲೆನಿಸ್ ಒಬ್ಬಳೇ ಯಾಕೆ ಹೊರಟಳು ಅಂತ ಕೇಳುತ್ತೀರಾ? ಅವಳ ಗಂಡ ನೆವಿಲ್‌ನನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತೀರಿ. ಬಂಗಾರದಂಥ ಮನುಷ್ಯ. ಕುಡಿದು ಬೀಳುವುದಿಲ್ಲ, ಬೈಯುವುದಿಲ್ಲ, ಗ್ಲೆನಿಸ್ ಹುಟ್ಟಿದ ದಿನ ಮರೆಯುವುದಿಲ್ಲ. ರೈಲ್ವೆಯಲ್ಲಿ ಇರುವ ತನಕ ಎಲ್ಲಾ ಸರಿಯಾಗಿಯೇ ಇತ್ತು. ಕಳೆದ ವರ್ಷ ನಿವೃತ್ತನಾಗಿ ಮನೆಗೆ ಬಂದ ನೋಡಿ, ಅಂದಿನಿಂದ ಶುರುವಾಯಿತು.

“ಗ್ಲೆನ್, ಬೆಣ್ಣೆ ಎಲ್ಲಿದೆ?”

“ಫ್ರಿಜ್ಜಲ್ಲಿ, ನಿನ್ನ ಮೂಗಿನ ಮುಂದೆ.”

“ಮೂಗಿನ ಮುಂದೆ ಸಾಸ್ ಇದೆ.”

“ಸಾಸ್ ಹಿಂದೆ ನೋಡು.”

“ಸಾಸ್ ಹಿಂದೆ ಬೀಟ್‌ರೂಟ್ ಡಬ್ಬ ಇದೆ.”

“ಬೀಟ್‌ರೂಟನ್ನ ಎತ್ತು ಮಾರಾಯ!”

“ಓಹೋ! ಬೆಣ್ಣೆಯನ್ನ ಇಲ್ಲಿ ಯಾರು ಬಚ್ಚಿಟ್ಟಿದ್ದು?”

ಇದು ಬೆಳಗಿನ ಉಪಾಹಾರ ಮಾತ್ರ. ಆಮೇಲೆ ವರದಿಗಳು. ಅಂಚೆಯವನು ಬಂದರೆ ವರದಿ, ಪಕ್ಕದ ಮನೆಯ ನಾಯಿ ಸೀನಿದರೆ ವರದಿ. ಗ್ಲೆನಿಸ್ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡರೂ ಬಿಡುವುದಿಲ್ಲ, ಬಾಗಿಲ ಆಚೆ ನಿಂತು, “ಗ್ಲೆನ್, ಬೇಗ ಬಾ, ಕೊಲ್ಲಿಯಲ್ಲಿ ಹಡಗು ಹೋಗ್ತಾ ಇದೆ!”

ಆ ಹಡಗನ್ನು ಗ್ಲೆನಿಸ್ ಬಟ್ಟೆ ಒಣಗಿಸುವಾಗ ಪ್ರತಿ ವಾರ ನೋಡುತ್ತಿದ್ದಳು. ಬೆಳ್ಳಗೆ, ದೊಡ್ಡದಾಗಿ, ಸದ್ದಿಲ್ಲದೆ ಹೋಗುತ್ತಿತ್ತು. ಅದು ಮುಟ್ಟುವ ನೌಮಿಯಾ, ವನುವಾಟು ದ್ವೀಪಗಳು, ಹವಳದ ದಂಡೆ, ಇವ್ಯಾವುವೂ ಅವಳಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಯಾರೂ “ಗ್ಲೆನ್” ಎನ್ನದ ಒಂದು ಕೋಣೆ. ಒಂದೇ ಒಂದು ವಾರಕ್ಕೆ. ಅಷ್ಟೇ!

ನೆವಿಲ್‌ಗೆ ಉಪಾಹಾರದ ಹೊತ್ತಿಗೆ ಹೇಳಿದಳು.

“ಒಬ್ಬಳೇನಾ?” ಅಂದ ಅವನು, ಟೋಸ್ಟನ್ನು ಅರ್ಧಕ್ಕೆ ಹಿಡಿದುಕೊಂಡು.

“ನಿಂಗೆ ಬಟ್ಟಲಲ್ಲಿ ಸೂಪ್ ಅಲ್ಲಾಡಿದ್ರೂ ವಾಂತಿ ಬರುತ್ತಲ್ಲ ನೆವ್.”

ಅದು ನಿಜವೇ. ಸ್ಟ್ರಾಡ್‌ಬ್ರೋಕ್ ದ್ವೀಪದ ಲಾಂಚಿನಲ್ಲಿ, ಅದಿನ್ನೂ ದಡಕ್ಕೆ ಕಟ್ಟಿಹಾಕಿರುವಾಗಲೇ, ನೆವಿಲ್ ಕವರ್ ಕೇಳಿದವನು. ತಲೆಯಾಡಿಸಿ ಒಪ್ಪಿಕೊಂಡ. ಗ್ಲೆನಿಸ್ ಮನಸ್ಸಿನಲ್ಲೇ ಕುಣಿದಳು. ಆದರೆ ನೆವಿಲ್ ಹೊಟ್ಟೆಯಲ್ಲಿ ಸೂಪೂ ನಿಲ್ಲುವುದಿಲ್ಲ, ಸುದ್ದಿಯೂ ನಿಲ್ಲುವುದಿಲ್ಲ. ಅವಳು ಬಟ್ಟೆ ಮಡಚಿ ಮುಗಿಸುವುದರೊಳಗೆ ಅವನು ತನ್ನ ತಂಗಿ ಲೋರ್ನಾಗೆ ಫೋನ್ ಮಾಡಿ, ಎರಡನೇ ಹಾಸಿಗೆ ದುಡ್ಡು ಕಟ್ಟಿಯೂ ಖಾಲಿ ಹೋಗುತ್ತಿದೆ ಎಂದು ಸಾರಿಬಿಟ್ಟಿದ್ದ.

ಲೋರ್ನಾ ಬಂದಳು. ಲೋರ್ನಾ ಎಂದರೆ ಮಾತು, ಮಾತು ಎಂದರೆ ಲೋರ್ನಾ. ಉಸಿರು ತೆಗೆದುಕೊಳ್ಳುವುದು ಯಾವಾಗ ಎಂದು ಅವಳ ಡಾಕ್ಟರಿಗೇ ಗೊತ್ತಿಲ್ಲ.

“ದುಡ್ಡು ಕೊಟ್ಟ ಹಾಸಿಗೆ ಖಾಲಿ ಬಿಡೋದಾ ಗ್ಲೆನಿಸ್? ಅನ್ಯಾಯ ಕಣೇ! ನಾನು ಬರ್ತೀನಿ, ನಂದೇನೂ ತೊಂದ್ರೆ ಇಲ್ಲ, ನನ್ನ ಮಂಡಿ ಆಪರೇಷನ್ ಕಥೆ ನಿಂಗಿನ್ನೂ ಪೂರ್ತಿ ಹೇಳೇ ಇಲ್ಲ, ಹಡಗಲ್ಲಿ ಟೈಮ್ ಇರುತ್ತೆ, ಎಡಗಡೇದು ಮುಗಿಸಿ ಬಲಗಡೇದಕ್ಕೆ ಬರಬಹುದು.”

ಗ್ಲೆನಿಸ್‌ಗೆ ‘ಬೇಡ’ ಎನ್ನುವ ಪದ ಗಂಟಲ ತನಕ ಬಂದು, ಅಲ್ಲೇ ಕೂತು, ಟೀ ಕುಡಿದು, ವಾಪಸ್ ಹೋಯಿತು. “ನೋಡೋಣ ಬಿಡು” ಅಂದಳು. ಜೀವನದಲ್ಲಿ ಅವಳು ಯಾರಿಗೂ ನೇರವಾಗಿ ಇಲ್ಲ ಅಂದವಳಲ್ಲ.

ಶುಕ್ರವಾರ ಸಂಜೆ ಬೌಲ್ಸ್ ಕ್ಲಬ್ಬಿಗೆ ಹೋದರೆ ಅಲ್ಲೂ ಅದೇ! ಹಸಿರು ಹುಲ್ಲಿನ ಮೇಲೆ ಚೆಂಡು ಉರುಳಿಸುವುದನ್ನು ಬಿಟ್ಟು ಎಲ್ಲರೂ ಅವಳ ಸುತ್ತ. ಒಬ್ಬರಿಗೆ ಗಾಳಿ ಬದಲಾವಣೆ ಬೇಕಂತೆ, ಇನ್ನೊಬ್ಬರಿಗೆ ಡಿವೋರ್ಸ್ ಆಗಿದೆಯಂತೆ, ಮತ್ತೊಬ್ಬರು ಗೊರಕೆ ಹೊಡೆಯುವುದಿಲ್ಲವಂತೆ, ಬೇಕಾದರೆ ಮಾಜಿ ಹೆಂಡತಿಯನ್ನೇ ಕೇಳಬಹುದಂತೆ. ಗ್ಲೆನಿಸ್‌ಗೆ ರೇಗಿಹೋಯಿತು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಅಂದಳು:

“ಒಂದು ಕೆಲ್ಸ ಮಾಡಿ. ಲಕ್ಕಿ ಡ್ರಾಗೆ ಹಾಕ್ಬಿಡಿ. ವಾರಾ ವಾರಾ ಬಹುಮಾನಕ್ಕೆ ಇಡ್ತೀರಲ್ಲ ಮಾಂಸದ ಟ್ರೇ, ಅದರ ಪಕ್ಕದಲ್ಲೇ ಇಡಿ!”

ನಮ್ಮ ಕಡೆ ತಮಾಷೆಯನ್ನು ಅಂತ್ಯಕ್ರಿಯೆಯ ಮುಖ ಹಾಕಿಕೊಂಡೇ ಹೇಳಬೇಕು. ನಕ್ಕುಕೊಂಡು ಹೇಳಿದರೆ ಅದು ತಮಾಷೆಯೇ ಅಲ್ಲ. ಇದರಲ್ಲಿ ಇರುವ ಒಂದೇ ಅಪಾಯ ಏನೆಂದರೆ, ಎದುರಿಗಿರುವವರು ನಿಜ ಅಂದುಕೊಂಡರೆ ಮುಗಿಯಿತು. ಕ್ಲಬ್ಬಿನ ಅಧ್ಯಕ್ಷ ಕ್ಲೆಮ್ ನಿಜ ಅಂದುಕೊಂಡ.

ಮರುದಿನವೇ ಬಾರ್ ಪಕ್ಕದ ಗೋಡೆಯ ಮೇಲೆ ಪೋಸ್ಟರ್! ‘ಮುಂದಿನ ಶುಕ್ರವಾರ ಭಾರೀ ಲಕ್ಕಿ ಡ್ರಾ. ಮೊದಲ ಬಹುಮಾನ: ನಮ್ಮ ಪ್ರೀತಿಯ ಗ್ಲೆನಿಸ್ ಜೊತೆ ಪೆಸಿಫಿಕ್ ಸಾಗರಯಾನ. ಎರಡನೇ ಬಹುಮಾನ: ಮಾಂಸದ ಟ್ರೇ. ಬಂದ ಹಣ ಕ್ಲಬ್ಬಿನ ಸೋರುವ ಮಾಡಿನ ರಿಪೇರಿಗೆ.’ ತನ್ನ ಹೆಸರಿನ ಕೆಳಗೆ ಸಾಸೇಜಿನ ಚಿತ್ರ ನೋಡಿದ್ದೇ ಗ್ಲೆನಿಸ್ ಅಧ್ಯಕ್ಷನನ್ನು ಹುಡುಕಿಕೊಂಡು ಓಡಿದಳು.

“ಕ್ಲೆಮ್! ನಾನು ತಮಾಷೆಗೆ ಅಂದಿದ್ದು ಮಾರಾಯ!”

“ಅಯ್ಯೋ, ಮುಖ ನೋಡಿದ್ರೆ ಹಾಗನ್ನಿಸ್ಲೇ ಇಲ್ಲ. ಆಗ್ಲೇ ಒಂದು ಪುಸ್ತಕ ಟಿಕೆಟ್ ಖಾಲಿ ಕಣೇ. ಲೋರ್ನಾ ಒಬ್ಬಳೇ ಒಂದು ಪುಟ ತಗೊಂಡ್ಲು. ನಿನ್ನಿಂದ ಮಾಡು ರಿಪೇರಿ ಆಗುತ್ತೆ! ನಿನ್ನಂಥೋರು ಊರಿಗೊಬ್ಬರಿರಬೇಕು ನೋಡು!”

ಸೋರುವ ಮಾಡಿನ ಕೆಳಗೆ ನಿಂತು ‘ಕೊಡಲ್ಲ’ ಅನ್ನೋದು ಹೇಗೆ? ಗ್ಲೆನಿಸ್‌ಗೆ ಒಂದೇ ದಾರಿ ಹೊಳೆಯಿತು. ತನ್ನ ಹಾಸಿಗೆಯನ್ನು ತಾನೇ ಗೆಲ್ಲುವುದು! ಅದ್ಭುತ! ಅಮೋಘ! ಅವಳು ಟಿಕೆಟ್ ಕೊಳ್ಳಲು ಶುರು ಮಾಡಿದಳು. ಬಾರಿನಲ್ಲಿ ಒಂದಿಷ್ಟು, ಅಡುಗೆಮನೆ ಕಿಟಕಿಯಲ್ಲಿ ಒಂದಿಷ್ಟು, ಕ್ಲೆಮ್ ಹೆಂಡತಿಯಿಂದ ಕಾರ್ ಪಾರ್ಕಿಂಗ್‌ನಲ್ಲಿ ಒಂದಿಷ್ಟು, ಯಾರಿಗೂ ಯಾರ ಹತ್ತಿರ ಎಷ್ಟು ಕೊಂಡಳೆಂದು ಗೊತ್ತಾಗದ ಹಾಗೆ. ಹಡಗಿನಲ್ಲಿ ಹಾಕಿಕೊಳ್ಳಲೆಂದು ಕೊಳ್ಳಬೇಕಿದ್ದ ಹೊಸ ಈಜುಡುಗೆ, ಟೋಪಿ, ಚಪ್ಪಲಿ ಎಲ್ಲವೂ ಗುಲಾಬಿ ಬಣ್ಣದ ಚೀಟಿಗಳಾಗಿ ಅವಳ ಕೈಚೀಲ ಸೇರಿದವು.

ಶುಕ್ರವಾರ ಬಂತು. ಕ್ಲಬ್ ತುಂಬಿ ತುಳುಕುತ್ತಿತ್ತು. ಲೋರ್ನಾ ಮೊದಲ ಸಾಲಿನಲ್ಲಿ, ಆಗಲೇ ಹವಾಯಿ ಹೂವಿನ ಅಂಗಿಯಲ್ಲಿ. ಕ್ಲೆಮ್ ಚೀಟಿಗಳ ಪೀಪಾಯಿ ತಿರುಗಿಸಿ, ಕೈಹಾಕಿ, ಚೀಟಿ ತೆಗೆದು, ಕನ್ನಡಕ ಹಾಕಿಕೊಂಡು, ಮತ್ತೆ ತೆಗೆದು ಒರೆಸಿ (ಇಲ್ಲಿ ಗ್ಲೆನಿಸ್‌ಗೆ ಅವನನ್ನು ಕೊಲ್ಲಬೇಕೆನ್ನಿಸಿತು) ಓದಿದ.

“ಮೊದಲ ಬಹುಮಾನ... ಗ್ಲೆನಿಸ್!”

“ಹುರ್ರೇ!” ಎಂದು ಗ್ಲೆನಿಸ್ ಚೀರಿ ಎದ್ದಳು. ಕೂಗಿದ್ದು ಅವಳೊಬ್ಬಳೇ.

ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ನಿಧಾನವಾಗಿ, “ವಾಪಸ್ ಹಾಕು” ಅಂದರು. ಇನ್ನೊಬ್ಬರು “ವಾಪಸ್ ಹಾಕು!” ಅಷ್ಟರಲ್ಲಿ ಇಡೀ ಕ್ಲಬ್ಬು ಮೇಜು ಗುದ್ದುತ್ತಾ, “ವಾಪಸ್ ಹಾಕು! ವಾಪಸ್ ಹಾಕು!”

ಕ್ಲಬ್ಬಿನ ಲಕ್ಕಿ ಡ್ರಾದಲ್ಲಿ ಕಮಿಟಿಯವರು ಗೆದ್ದರೆ ಚೀಟಿ ವಾಪಸ್ ಹಾಕಿ ಮತ್ತೆ ಎತ್ತಬೇಕು. ಇದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ನಮ್ಮ ದೇಶದಲ್ಲಿ ಇದನ್ನು ಮೀರಿದವರಿಗೆ ಆಮೇಲೆ ಯಾರೂ ಬಿಯರ್ ಕೊಡಿಸುವುದಿಲ್ಲ. ಗ್ಲೆನಿಸ್ ಕ್ಲಬ್ಬಿನ ಕಾರ್ಯದರ್ಶಿ. ಹಾಸಿಗೆಯ ಚಿಂತೆಯಲ್ಲಿ ಅವಳಿಗೆ ಅದೇ ಮರೆತುಹೋಗಿತ್ತು!

“ಹೌದು ಹೌದು, ವಾಪಸ್ ಹಾಕು ಕ್ಲೆಮ್, ಅಷ್ಟೂ ಗೊತ್ತಾಗಲ್ವಾ ನಂಗೆ?” ಎಂದು ಹಲ್ಲು ಕಿರಿದಳು.

ಕ್ಲೆಮ್ ಮತ್ತೆ ಎತ್ತಿದ. “ಗ್ಲೆನಿಸ್.”

“ವಾಪಸ್ ಹಾಕು!”

ಮತ್ತೆ ಎತ್ತಿದ. ಓದಿದ. ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದ. “ಏನೇ ಇದು? ಪೀಪಾಯಿ ತುಂಬಾ ನೀನೇ ಇದೀಯಲ್ಲ! ನಿನ್ನ ಹಾಸಿಗೆ ನೀನೇ ಗೆಲ್ಲೋಕೆ ಇಷ್ಟು ಟಿಕೆಟ್ಟಾ?”

“ಮಾಡಿಗೆ ಸಹಾಯ ಆಗ್ಲಿ ಅಂತ ಕ್ಲೆಮ್,” ಎಂದಳು ಗ್ಲೆನಿಸ್, ಕಿವಿ ಟೊಮ್ಯಾಟೊ ಆಗಿ. ಜನ ಕೇಕೆ ಹಾಕಿ ಚಪ್ಪಾಳೆ ತಟ್ಟಿದರು.

ನಾಲ್ಕನೆಯ ಚೀಟಿ ತೆಗೆದು ಕ್ಲೆಮ್ ಹುಬ್ಬೇರಿಸಿದ. “ನೆವಿಲ್!”

ನೆವಿಲ್ ಬಾರ್ ಹತ್ತಿರ ಎದ್ದು ನಿಂತ. ಮುಖ ಅರಳಿತು. “ನಾನಾ? ನಾನು ಗೆದ್ನಾ? ಗ್ಲೆನ್, ನಾನು ಗೆದ್ದೆ! ಟ್ರೇಯಲ್ಲಿ ಚಾಪ್ಸ್ ಇದೆಯಾ?”

“ಟ್ರೇ ಅಲ್ಲ ಮಾರಾಯ. ಹಾಸಿಗೆ,” ಅಂದ ಕ್ಲೆಮ್.

“ಹಾಸಿಗೆ ತಗೊಂಡು ನಾನೇನು ಮಾಡ್ಲಿ? ಚಾಪ್ಸ್‌ಗೆ ಅಂತ ಒಂದೇ ಒಂದು ಟಿಕೆಟ್ ತಗೊಂಡಿದ್ದೆ! ಸಮುದ್ರ ಅಂದ್ರೆ ನಂಗೆ ಇಲ್ಲಿಂದಾನೇ ಹೊಟ್ಟೆ ತೊಳೆಸುತ್ತೆ.”

ಗ್ಲೆನಿಸ್‌ಳ ಹೃದಯದಲ್ಲಿ ಬ್ಯಾಂಡು ಬಾರಿಸಿತು. ಬಚಾವ್! ನೆವಿಲ್ ಗೆದ್ದ, ನೆವಿಲ್ ಬರುವುದಿಲ್ಲ, ಹಾಸಿಗೆ ಖಾಲಿ! ಇಂಥ ಗಂಡನನ್ನು ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದಳು. ಆದರೆ ಬಂಗಾರದಂಥ ಮನುಷ್ಯ ಅಂದೆನಲ್ಲ, ಬಂಗಾರಕ್ಕೆ ಸುಮ್ಮನಿರುವುದು ಗೊತ್ತಿಲ್ಲ.

“ಬಹುಮಾನ ವೇಸ್ಟ್ ಆಗೋದು ಬೇಡ,” ಅಂದ ನೆವಿಲ್ ಉದಾರವಾಗಿ. “ನನ್ನ ತಂಗಿ ಲೋರ್ನಾಗೆ ಕೊಡ್ತೀನಿ.”

ಲೋರ್ನಾ ಕಿರುಚಿ ಎದ್ದಳು. “ಗ್ಲೆನಿಸ್! ಎಡಗಡೆ ಮಂಡಿಯಿಂದಾನೇ ಶುರು ಮಾಡ್ತೀನಿ!”

ಆ ಕ್ಷಣ ಗ್ಲೆನಿಸ್‌ಗೆ ಏನಾಯಿತೋ ಅವಳಿಗೇ ಗೊತ್ತಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು. ಇಡೀ ಕ್ಲಬ್ಬಿಗೆ ಕೇಳುವ ಹಾಗೆ ಅವಳ ಬಾಯಿಂದ ಹೊರಬಿತ್ತು:

“ನೆವ್! ಬೇಡ! ನೀನೇ ಬಾ! ನೀನು ಇಲ್ದೆ ನಂಗೆ ಹೋಗೋಕೆ ಆಗಲ್ಲ!”

ಬಿಯರ್ ಗ್ಲಾಸುಗಳು ಗಾಳಿಯಲ್ಲೇ ನಿಂತವು. ಯಾರದೋ ಹೆಂಡತಿ ತನ್ನ ಗಂಡನ ಪಕ್ಕೆಗೆ ತಿವಿದು “ನೋಡಿ ಕಲಿ” ಅಂದಳು. ಕ್ಲೆಮ್ ಕಣ್ಣೊರೆಸಿಕೊಂಡ. ನೆವಿಲ್ ಜನರ ನಡುವೆ ದಾರಿ ಮಾಡಿಕೊಂಡು ಬಂದು ಹೆಂಡತಿಯ ಎರಡೂ ಕೈ ಹಿಡಿದ.

“ಗ್ಲೆನ್... ನನ್ನಿಂದ ತಪ್ಪಿಸ್ಕೊಳ್ಳೋಕೆ ಹೋಗ್ತಿದೀಯೇನೋ ಅಂತ ಅಂದ್ಕೊಂಡ್ಬಿಟ್ಟಿದ್ದೆ ಕಣೇ. ನಾನೆಂಥ ಮೂರ್ಖ! ವಾಂತಿ ಆದ್ರೆ ಆಗ್ಲಿ. ಬರ್ತೀನಿ!”

ಚಪ್ಪಾಳೆಗೆ ಮಾಡು ಇನ್ನೆರಡು ಕಡೆ ಬಿರುಕು ಬಿಟ್ಟಿರಬೇಕು. ಮಾಂಸದ ಟ್ರೇಯನ್ನು ಸಮಾಧಾನಕ್ಕೆಂದು ಲೋರ್ನಾಗೆ ಕೊಟ್ಟರು. ಅವಳು ಚಾಪ್ಸ್ ತಬ್ಬಿಕೊಂಡು, ಹುಟ್ಟಿದಮೇಲೆ ಮೊದಲ ಸಲ ಒಂದು ಮಾತೂ ಆಡದೆ, ಏನೋ ಯೋಚಿಸುತ್ತಾ ಮನೆಗೆ ಹೋದಳು. ಸೋಮವಾರ ಜಸಿಂಟಾಳ ಕೌಂಟರಿಗೆ ಹೋಗಿ, ಅದೇ ಹಡಗಿನಲ್ಲಿ, ಗ್ಲೆನಿಸ್‌ಳ ಪಕ್ಕದ್ದೇ ಕ್ಯಾಬಿನ್ ಬುಕ್ ಮಾಡಿದಳು. ಒಬ್ಬಳಿಗೇ. ಡಬಲ್ ದುಡ್ಡು ಅಂದಾಗ ತುಟಿ ಪಿಟಕ್ಕೆನ್ನಲಿಲ್ಲವಂತೆ.

ಹಡಗು ಬ್ರಿಸ್ಬೇನ್ ಬಿಟ್ಟು ಮಾರ್ಟನ್ ಕೊಲ್ಲಿ ದಾಟುತ್ತಿತ್ತು. ನೆವಿಲ್‌ಗೆ ವಾಂತಿ ಬರಲಿಲ್ಲ! ಕಿವಿಯ ಹಿಂದೆ ಅಂಟಿಸಿದ ಔಷಧಿಯ ಪಟ್ಟಿಯೋ, ಹೆಂಡತಿಯ ಪ್ರೀತಿಯೋ, ಒಟ್ಟಿನಲ್ಲಿ ಅವನು ಎರಡನೇ ಹಾಸಿಗೆಯ ಮೇಲೆ ರಾಜನ ಹಾಗೆ ಕೂತು ಕಿಟಕಿಯಿಂದ ವರದಿ ಒಪ್ಪಿಸುತ್ತಿದ್ದ.

“ಗ್ಲೆನ್, ನೀರು ನೋಡು!”

“ನೋಡಿದೆ ನೆವ್.”

“ಗ್ಲೆನ್, ಈ ಕಡೇನೂ ನೀರಿದೆ! ಗ್ಲೆನ್, ನನ್ನ ಚಪ್ಪಲಿ ಎಲ್ಲಿ? ಗ್ಲೆನ್, ಬಾತ್‌ರೂಮಲ್ಲಿ ಯಾಕೆ ಕೂತಿದೀಯ? ಗ್ಲೆನ್?”

ಪಕ್ಕದ ಕ್ಯಾಬಿನ್ನಿನಿಂದ ಒಂದು ಸದ್ದೂ ಇಲ್ಲ. ಕೆಮ್ಮಿಲ್ಲ, ಮಂಡಿಯ ಕಥೆಯಿಲ್ಲ. ಗ್ಲೆನಿಸ್ ಬಾತ್‌ರೂಮಿನ ಗೋಡೆಗೆ ಕಿವಿಯಿಟ್ಟು ಆ ಮೌನವನ್ನು ತೆಂಗಿನ ಐಸ್‌ಕ್ರೀಮಿನ ಹಾಗೆ ಚಪ್ಪರಿಸಿದಳು. ತಡೆಯಲಾಗಲಿಲ್ಲ. ನೆವಿಲ್ ಚಪ್ಪಲಿ ಹುಡುಕಲು ಮಂಚದ ಕೆಳಗೆ ಬಗ್ಗಿದ್ದೇ ತಡ, ಹೊರಗೆ ಓಡಿ ಪಕ್ಕದ ಬಾಗಿಲು ತಟ್ಟಿದಳು.

ಲೋರ್ನಾ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಳು. ಮುಖಕ್ಕೆ ಏನೋ ಹಸಿರು ಲೇಪ, ಕೈಯಲ್ಲಿ ತಂಪು ಪಾನೀಯ. ಹಿಂದೆ ಎರಡು ಹಾಸಿಗೆ ಕಾಣುತ್ತಿತ್ತು. ಒಂದರ ಮೇಲೆ ಸೂರ್ಯನ ಬಿಸಿಲು ಬಿಟ್ಟು ಬೇರೆ ಯಾರೂ ಇರಲಿಲ್ಲ.

“ಲೋರ್ನಾ, ಒಂದೇ ಒಂದು ಗಂಟೆ ಕಣೇ. ಮಾತಾಡಲ್ಲ. ಬೇಕಾದ್ರೆ ಮಂಡಿ ಕಥೆ ಹೇಳು, ಎರಡೂ ಮಂಡೀದು ಹೇಳು! ಆ ಖಾಲಿ ಹಾಸಿಗೆ ಮೇಲೆ ಸುಮ್ನೆ ಬಿದ್ಕೋತೀನಿ ಅಷ್ಟೇ.”

ಲೋರ್ನಾ ಒಮ್ಮೆ ಹಾಸಿಗೆಯತ್ತ ನೋಡಿದಳು, ಒಮ್ಮೆ ಅತ್ತಿಗೆಯತ್ತ ನೋಡಿದಳು. ತುಂಬ ಪ್ರೀತಿಯಿಂದ, ಒಂದು ಚೂರೂ ತಡವರಿಸದೆ ಹೇಳಿದಳು:

“ಬೇಡ ಗ್ಲೆನಿಸ್. ಅದು ಖಾಲಿ ಇರ್ಲಿ ಅಂತಾನೇ ನಾನು ದುಡ್ಡು ಕೊಟ್ಟಿರೋದು.”

ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.